ಒಡೆಯರ ಬ್ಯಾಟರಿ

“ಎತ್ತೋ ಪಂಚೆ! ಚೌಡಿ ಕೊಟ್ಟ ಪ್ರಸಾದ ಊರೆಲ್ಲ ನೋಡ್ಲಿ!”

ಒಡೆಯರು ಜಗಲಿಯ ಮೇಲಿಂದ ಕೂಗಿದರು. ಅಂಗಳದಲ್ಲಿ ಕಾಲು ಅಗಲಿಸಿ ನಿಂತಿದ್ದ ನಮ್ಮನೆಯವರು ಪಂಚೆಯನ್ನು ಎರಡೂ ಕೈಯಲ್ಲಿ ಅದುಮಿಕೊಂಡರು. ಸುತ್ತ ನಿಂತವರು ನಕ್ಕರು. ಒಡೆಯರ ಆಳುಗಳು ನಕ್ಕರೆ ನಗಲಿ, ನಮ್ಮ ಕೇರಿಯವರೂ ನಕ್ಕರಲ್ಲ, ನನಗೆ ಹೊಟ್ಟೆ ಉರಿದದ್ದು ಅದಕ್ಕೆ.

ಗೇಣಿಯ ಹೊಸ ಕಾನೂನು ಬಂದಾಗ ನಮ್ಮನೆಯವರು ಅರ್ಜಿ ಕೊಟ್ಟಿದ್ದರು. ಮಾವನ ಕಾಲದಿಂದ ಉತ್ತ ಗದ್ದೆ. ಒಡೆಯರು ಒಂದೇ ಮಾತಿನಲ್ಲಿ, “ಇವ ಗೇಣಿದಾರ ಅಲ್ಲ, ನನ್ನ ಕೂಲಿ” ಎಂದುಬಿಟ್ಟರು. ಗೇಣಿ ಭತ್ತ ಅಳೆಯುವುದು ಅವರ ಒಳಂಗಳದಲ್ಲಿ, ಕಂಡವರಿಲ್ಲ. ರಸೀದಿಯಂತೂ ಕೇಳಲೇಬೇಡಿ. ಆಗ ಕೇರಿಯ ಹಿರಿಯರಾದ ನಿಂಗಪ್ಪ ಮಾವ ನಮ್ಮಲ್ಲಿ ನಡೆದುಬಂದ ದಾರಿ ಹೇಳಿದರು. ಚೌಡಿಯ ಕಲ್ಲು ಮುಟ್ಟಿ ಆಣೆ ಮಾಡಬೇಕು. ಒಂದು ಮಳೆಗಾಲ ಕೇಡಿಲ್ಲದೆ ಕಳೆದರೆ ಮಾತು ನಿಜ, ಇಡೀ ಕೇರಿ ಕೋರ್ಟಿಗೆ ಬಂದು ಸಾಕ್ಷಿ ಹೇಳುತ್ತದೆ.

ನಮ್ಮನೆಯವರು ಕಲ್ಲು ಮುಟ್ಟಿದರು. ನಾಟಿ ಮುಗಿಯುವ ಹೊತ್ತಿಗೆ ಅವರ ಬೀಜ ಊದತೊಡಗಿತು. ಮಳೆ ಹಿಂದಾಗುವಾಗ ಎಳೆ ತೆಂಗಿನಕಾಯಿಯಷ್ಟಾಗಿತ್ತು.

“ಭಾನುವಾರ ಸಂಜೆ ಕೇರಿ ಮುಂದೆ ತಪ್ಪೊಪ್ಕೊಂಡು ಹೆಬ್ಬೆಟ್ಟು ಒತ್ತು. ಸೋಮವಾರ ಕೋರ್ಟಲ್ಲಿ ನಿನ್ನ ಪರ ನಾಯಿನೂ ಬೊಗಳೂದಿಲ್ಲ, ಬೋಳಿಮಗನೆ” ಎಂದು ಒಡೆಯರು ಒಳಗೆ ನಡೆದರು.

ಮರುದಿನ ಹೊಳೆಬಾಗಿಲಿನ ಕಡವಿನಲ್ಲಿ ದೋಣಿ ಹತ್ತಿ ಸಾಗರಕ್ಕೆ ಹೋದೆವು. ಆಸ್ಪತ್ರೆಯಲ್ಲಿ ನಮ್ಮನೆಯವರು ನನ್ನನ್ನು ಮುಂದೆ ತಳ್ಳಿದರು. ನಾನೇ ಹೇಳಿದೆ. ಡಾಕ್ಟರು ಪಂಚೆ ಸರಿಸಿ, “ಇಷ್ಟು ದಿನ ಇದನ್ನ ಸಾಕ್ತಾ ಇದ್ಯಾ?” ಎಂದು ಗದರಿದರು. ಕಂಪೌಂಡರ್ ಕಿಸಕ್ಕನೆ ನಕ್ಕ. ಡಾಕ್ಟರು ಕಿಟಕಿ ಮುಚ್ಚಿಸಿ, ಊದಿದ ಜಾಗದ ಹಿಂದೆ ಬ್ಯಾಟರಿ ಹಿಡಿದು ಗುಂಡಿ ಒತ್ತಿದರು. ಕತ್ತಲಲ್ಲಿ ಅದು ಕೆಂಪಗೆ ಬೆಳಗಿತು, ಅಂಗೈ ಅಡ್ಡ ಹಿಡಿದ ದೀಪದ ಹಾಗೆ.

“ಬೆಳಕು ದಾಟ್ತಾ ಇದೆ ನೋಡಮ್ಮ. ಗಡ್ಡೆ ಆಗಿದ್ರೆ ದಾಟ್ತಿರ್ಲಿಲ್ಲ. ಬರೀ ನೀರು ತುಂಬಿದೆ.”

“ಸುಳ್ ಆಣೆ ಮಾಡಿದ್ರೆ ಬರ್ತದಂತೆ, ಹೌದ್ರಾ?” ಎಂದೆ.

“ಹಾಗಿದ್ರೆ ಊರ ವಕೀಲರೆಲ್ಲ ಬುಟ್ಟಿಯಲ್ಲಿಟ್ಟು ಹೊತ್ಕೊಂಡು ತಿರುಗಬೇಕಿತ್ತು!”

ನಮ್ಮನೆಯವರು ಆಗ ಬಾಯಿ ಬಿಟ್ಟರು. “ಇವತ್ತೇ ತೆಗ್ದ್ಬಿಡಿ ಸ್ವಾಮಿ. ಸೋಮಾರ ಕೋರ್ಟೈತೆ.”

“ಸೂಜಿ ಹಾಕಿ ತೆಗೆದ್ರೆ ಮತ್ತೆ ತುಂಬುತ್ತೆ. ಆಪರೇಷನ್ನೇ ಆಗಬೇಕು, ಶಿವಮೊಗ್ಗದಲ್ಲಿ. ಆಮೇಲೆ ಒಂದು ತಿಂಗಳು ಗದ್ದೆ ಕೆಲಸ ಮುಟ್ಟೋ ಹಾಗಿಲ್ಲ.”

ಒಂದು ತಿಂಗಳು ಮಲಗಿದರೆ ಒಡೆಯರು ಗದ್ದೆ ಕೊಯ್ಲಿಗೆ ಬೇರೆ ಆಳು ಇಳಿಸುತ್ತಾರೆ. ಮಲಗದಿದ್ದರೆ ಊತ ಇಳಿಯುವುದಿಲ್ಲ, ಕೇರಿ ನಂಬುವುದಿಲ್ಲ. ದೋಣಿಯಲ್ಲಿ ನಮ್ಮನೆಯವರು ನೀರು ನೋಡುತ್ತಾ, “ಒತ್ಬಿಡ್ತೀನಿ ಕಣೆ ಹೆಬ್ಬೆಟ್ಟು. ನಾಚ್ಕೆಗಿಂತ ಕೂಲಿನೇ ವಾಸಿ” ಎಂದರು.

ಭಾನುವಾರ ಮೋಡ ಕವಿದು ಬೇಗ ಕತ್ತಲಾಯಿತು. ಲಾಟೀನು ಇನ್ನೂ ಹಚ್ಚಿರಲಿಲ್ಲ. ಕೇರಿಯವರು ಒಡೆಯರ ಅಂಗಳದಲ್ಲಿ ಕೂತಿದ್ದರು, ನಿಂಗಪ್ಪ ಮಾವ ಎಲ್ಲರಿಗಿಂತ ಮುಂದೆ. ಒಡೆಯರು ಜಗಲಿಯ ಅಂಚಿಗೆ ಕಾಗದ, ಮಸಿ ಇಟ್ಟುಕೊಂಡು ಎಲೆಯಡಿಕೆಯ ಕವಳ ಹಾಕುತ್ತಿದ್ದರು. ಎಲೆತಟ್ಟೆಯ ಪಕ್ಕದಲ್ಲಿ ಅವರ ಬ್ಯಾಟರಿ ಹೊಳೆಯುತ್ತಿತ್ತು. ಊರಿಗೆಲ್ಲ ಅದೊಂದೇ.

“ಹೇಳೋ, ಚೌಡಿ ಮುಂದೆ ಸುಳ್ಳು ಹೇಳ್ದೆ ಅಂತ.”

ನಮ್ಮನೆಯವರ ಹೆಬ್ಬೆಟ್ಟು ಮಸಿಗೆ ಇಳಿಯಿತು. ನಾನು ಜಗಲಿ ಹತ್ತಿದೆ. ಅಲ್ಲಿಗೆ ನಮ್ಮ ಕೇರಿಯವರ ಕಾಲು ಸೋಕಿದ್ದೇ ಇಲ್ಲ.

“ಏ! ಮೈಲಿಗೆ! ಇಳಿಯೇ ರಂಡೆ!”

ಬ್ಯಾಟರಿ ನನ್ನ ಕೈಯಲ್ಲಿತ್ತು. ಅಂಗಳಕ್ಕೆ ಇಳಿದು ನಮ್ಮನೆಯವರ ಹಿಂದೆ ಮಂಡಿಯೂರಿದೆ.

“ಅವತ್ತು ಎತ್ತು ಅಂದ್ರಲ್ಲ ಒಡೇರು. ಎತ್ರಿ” ಎಂದೆ.

ನಮ್ಮನೆಯವರು ತಿರುಗಿ ನನ್ನನ್ನೇ ನೋಡಿದರು. ಮಸಿ ಹತ್ತಿದ ಬೆರಳಿನಲ್ಲೇ ಪಂಚೆ ಎತ್ತಿದರು. ನಾನು ಗುಂಡಿ ಒತ್ತಿದೆ.

ಯಾರೂ ನಗಲಿಲ್ಲ. ಅಂಗಳದ ನಡುವೆ ನನ್ನ ಗಂಡನ ಮಾನ ಕೆಂಪಗೆ ಉರಿಯಿತು.

“ಬೆಳಕು ದಾಟ್ತೈತೆ ಮಾವ, ನೋಡಿ” ಎಂದರು ನಮ್ಮನೆಯವರು. “ಬರೀ ನೀರಂತೆ. ಸುಳ್ಳೆಲ್ಲೈತೆ ಹುಡುಕಿ.”

ನಿಂಗಪ್ಪ ಮಾವ ಎದ್ದು ಬಂದು ಎದುರಿಗೆ ಕುಕ್ಕರಗಾಲಿನಲ್ಲಿ ಕೂತರು. ನೋಡಿದರು.

“ಆರ್ಸೇ! ಸೂಳೆಮುಂಡೆ, ನನ್ನ ಬ್ಯಾಟರಿ ಆರ್ಸೇ!”

ಸೆಲ್ಲು ಸೋಲುತ್ತಾ ಬಂದು ಬೆಳಕು ಮಂಕಾಗತೊಡಗಿತು. ಮಾವ ಇನ್ನೂ ನೋಡುತ್ತಲೇ ಇದ್ದರು. ನಾನು ಗುಂಡಿಯಿಂದ ಬೆರಳು ತೆಗೆಯಲಿಲ್ಲ.