ಹತ್ತಲ್ಲ

“ಹತ್ತಿ, ಹತ್ತಿ, ಒಳಗೆ ಬನ್ನಿ, ಜಾಗ ಇದೆ.”

ಇಪ್ಪತ್ತೆರಡು ವರ್ಷದಿಂದ ಕಂಡಕ್ಟರ್ ದಿನಕ್ಕೆ ನೂರಾರು ಸಲ ಹೇಳುತ್ತಿದ್ದ ಮಾತಿದು. ಜಾಗ ಇರುತ್ತಿರಲಿಲ್ಲ ಅನ್ನುವುದು ಬೇರೆ ವಿಷಯ. ಊರವರನ್ನೆಲ್ಲ ಒಳಗೆ ಕರೆದವನಿಗೆ ತಾನೇ ಒಂದು ಕಡೆ ಒಳಗೆ ಹೋಗಬೇಕು ಅನ್ನಿಸಿದ್ದು, ಕೊನೆಯ ನಿಲ್ದಾಣದ ಪಕ್ಕದ ಯೆಹೂದಿ ಪ್ರಾರ್ಥನಾ ಮಂದಿರದಿಂದ ತೇಲಿಬಂದ ಹಾಡು ಕೇಳಿದಾಗ. ಬಸ್ಸು ತಿರುಗಿಸಿ ನಿಲ್ಲಿಸುವಷ್ಟು ಹೊತ್ತು ಮೊದಮೊದಲು ಕಿಟಕಿಯ ಕೆಳಗೆ ನಿಂತ. ಆಮೇಲೆ ಬಾಗಿಲಲ್ಲಿ. ಆಮೇಲೆ ಹಿಂದಿನ ಬೆಂಚಿನಲ್ಲಿ.

ಬಟ್ಟೆ ಹೊಲಿಯುವ ಅಕ್ಕ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಬೈದಳು. ಈ ವಯಸ್ಸಿನಲ್ಲಿ ಜನ ಕನ್ನಡಕ ಬದಲಾಯಿಸುತ್ತಾರೆ, ದೇವರನ್ನಲ್ಲ ಅಂದಳು. “ನಮ್ಮದರಲ್ಲಿ ಏನೋ ಕಮ್ಮಿಯಾಗಿತ್ತು ನಿನಗೆ?”

“ಕಮ್ಮಿಯಾಗಿ ಹೋಗ್ತಿಲ್ಲ ಅಕ್ಕ. ಅಲ್ಲಿ ಕೂತರೆ ಮನೆಗೆ ಬಂದ ಹಾಗಾಗುತ್ತೆ.”

“ಹಾಗಾದ್ರೆ ಇದೇನು, ಬಸ್ ಸ್ಟ್ಯಾಂಡಾ?” ಅಂದಳು. ಆದರೂ ಯೆಹೂದಿಗಳ ವಿಶ್ರಾಂತಿಯ ದಿನವಾದ ಶನಿವಾರದ ರಜೆಗೆ ಅವನು ಬರೆದ ಅರ್ಜಿಯ ಕಾಗುಣಿತ ತಿದ್ದಿದವಳು ಅವಳೇ.

ಅಲ್ಲಿನ ಗುರುಗಳಾದ ರಬ್ಬಿ, ಮತಕ್ಕೆ ಸೇರಿಸಿಕೊಳ್ಳಿ ಎಂದವನನ್ನು ಸಂಪ್ರದಾಯದಂತೆ ಮೂರು ಸಲ ವಾಪಸು ಕಳಿಸಿದರು. ಹೋದ ದಾರಿಯಲ್ಲೇ ತಿರುಗಿ ಬರುವುದು ಕಂಡಕ್ಟರನ ಕಸುಬು, ಬಂದ. ಬಲದಿಂದ ಎಡಕ್ಕೆ ಓದುವ ಅಕ್ಷರವನ್ನು ರಿವರ್ಸ್ ಗೇರಿನಲ್ಲಿ ಕಲಿತ. ನಾಲ್ಕು ವರ್ಷ ಓದಿದ. ಅಷ್ಟು ದಿನವೂ ಅವನಿದ್ದದ್ದು ಲೆಕ್ಕಕ್ಕಿಲ್ಲದ ಆಸಾಮಿಯಾಗಿ. ಪೂರ್ಣ ಪ್ರಾರ್ಥನೆಗೆ ಹತ್ತು ಮಂದಿ ಗಂಡಸರು ಬೇಕು; ಅವನು ಆ ಹತ್ತರಲ್ಲಿ ಸೇರುವಂತಿರಲಿಲ್ಲ. ಸೇರಬೇಕೆನ್ನುವುದೊಂದೇ ಅವನ ಆಸೆ.

ಮುಂದಿನ ಬೆಂಚಿನ ನಿವೃತ್ತ ದಂತವೈದ್ಯರಿಗೆ ಮಾತ್ರ ಅವನೊಂದು ಮೋಜು. ಅವರು ಹಲ್ಲು ಕೀಳುವುದು ಬಿಟ್ಟಿದ್ದರು, ಹಲ್ಲು ಕಿರಿಯುವುದು ಬಿಟ್ಟಿರಲಿಲ್ಲ. ಕಂಡಕ್ಟರನ ಓದಿನಲ್ಲಿ ಬಸ್ಸಿನ ರಾಗ ನುಸುಳಿದರೆ ಸಾಕು, “ಆಮೆನ್... ರೈಟ್, ರೈಟ್” ಎಂದು ಅಣಕಿಸುವರು. ಇವನ ಪ್ರಾರ್ಥನೆಗೆ ದೇವರೂ ಕಂಬಿ ಹಿಡಿದು ನಿಲ್ಲಬೇಕು ಅನ್ನುವರು. ಎಲ್ಲರೂ ನಗುತ್ತಿದ್ದರು. ಕಂಡಕ್ಟರನೂ ನಗುತ್ತಿದ್ದ, ತುಸು ತಡವಾಗಿ.

ಕೊನೆಗೆ ಮೂವರು ಹಿರಿಯರು ಪರೀಕ್ಷಿಸಿ ಒಪ್ಪಿದರು. ವಿಧಿಯಂತೆ ನೀರಿನಲ್ಲಿ ಮುಳುಗಿ ಎದ್ದ. ಮರುದಿನ ಬೆಳಿಗ್ಗೆ, ಡ್ಯೂಟಿಗೆ ಮುಂಚೆ, ಪ್ರಾರ್ಥನೆಯ ಹೊಸ ಶಾಲು ಹೊದ್ದು ಮಂದಿರದ ಹೊಸ್ತಿಲು ದಾಟಿದ.

ಅಂದು ರಬ್ಬಿ ಊರಲ್ಲಿರಲಿಲ್ಲ. ದಂತವೈದ್ಯರೇ ಬೆರಳು ತೋರಿಸುತ್ತ ಏನೋ ಗೊಣಗುತ್ತಿದ್ದರು. ಕಂಡಕ್ಟರನ ಕಿವಿಗೆ ಬಿದ್ದದ್ದು ಕೊನೆಯ ತುಣುಕು. ಬೆರಳು ನೇರ ಅವನ ಎದೆಗೇ ತಿರುಗಿತು. “ಹತ್ತಲ್ಲ.”

ಅವನ ಮುಖ ಇಳಿಯಿತು. ಹತ್ತಾಗಲಿಲ್ಲ, ಅಂದರೆ ತಾನಿನ್ನೂ ಲೆಕ್ಕಕ್ಕಿಲ್ಲ. ವಾದ ಮಾಡಲಿಲ್ಲ. ಸೀಟು ಖಾಲಿಯಿದ್ದರೆ ಬಸ್ಸು ಬಿಡದವನಂತೆ ಸೀದಾ ಬೀದಿಗಿಳಿದು, ಗೊತ್ತಿದ್ದ ಯೆಹೂದಿ ದರ್ಜಿಯ ಬಾಗಿಲು ತಟ್ಟತೊಡಗಿದ. ಒಬ್ಬರು ಕಮ್ಮಿ ಇದ್ದಾರಂತೆ, ಬನ್ನಿ.

ದಂತವೈದ್ಯರು ಶಾಲು ಎಳೆದುಕೊಂಡು ಓಡಿಬಂದರು. “ಎಲ್ಲಿಗೆ ಹೊರಟ್ರಿ ಕಂಡಕ್ಟರೇ?”

“ಹತ್ತನೆಯವರನ್ನ ಕರೆಯೋಕೆ. ನಾನಲ್ಲ ಅಂದ್ರಲ್ಲ.”

ಮುದುಕರು ಏದುಸಿರು ಬಿಡುತ್ತ ವಿವರಿಸಿದರು. ಎಣಿಸಿದರೆ ಕೇಡು ಅಂತ ನಮ್ಮಲ್ಲಿ ಜನರ ತಲೆ ಎಣಿಸುವುದಿಲ್ಲ. ರಬ್ಬಿಯವರು ಹತ್ತು ಪದದ ಒಂದು ಸಾಲು ಹೇಳಿ, ತಲೆಗೊಂದು ಪದ ಹಂಚುತ್ತಾರೆ. ನಮ್ಮಜ್ಜಿಯ ಕ್ರಮ ಬೇರೆ: ಒಂದಲ್ಲ, ಎರಡಲ್ಲ, ಮೂರಲ್ಲ. “ಹತ್ತಲ್ಲ ಅಂದ್ರೆ ಹತ್ತು ಮಾರಾಯರೇ. ನೀವೇ ಹತ್ತು.”

ಕಂಡಕ್ಟರ್ ದರ್ಜಿಯ ಬಾಗಿಲಿನಿಂದ ಕೈ ತೆಗೆದ.

“ಅಲ್ಲ, ಹೊಸಬರನ್ನ ನಾನು ಬಾಗಿಲಿಂದ ವಾಪಸು ಕಳಿಸ್ತೀನಿ ಅಂತ ಹೇಗೆ ಅಂದುಕೊಂಡ್ರಿ ನೀವು?”

“ದಿನಾ ಅಣಕಿಸ್ತೀರಲ್ಲ ಡಾಕ್ಟರೇ,” ಅಂದ ಅವನು, ಮೆಲ್ಲಗೆ. “ಇದೂ ಅದೇ ಇರಬೇಕು ಅನ್ನಿಸ್ತು.”

ಹೊರಗಿನಿಂದ ಬಂದವನಿಗೆ ಅವನ ಹಿಂದಿನದನ್ನು ನೆನಪಿಸಿ ನೋಯಿಸಬಾರದೆಂದು ದಂತವೈದ್ಯರು ಚಿಕ್ಕಂದಿನಿಂದ ಕಲಿತಿದ್ದರು, ಮಕ್ಕಳಿಗೆ ಕಲಿಸಿಯೂ ಇದ್ದರು. ಈಗ ತಮ್ಮದೇ ಹಲ್ಲು ನೋವು ಬಂದವರಂತೆ ಕೆನ್ನೆ ಹಿಡಿದುಕೊಂಡರು. ಕಂಡಕ್ಟರನ ತೋಳು ಹಿಡಿದು ಒಳಗೆ ಕರೆತಂದರು. ಹಿಂದಿನ ಬೆಂಚು ದಾಟಿಸಿ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು.

ಪ್ರಾರ್ಥನೆ ಮುಗಿಯಿತು. ಉಳಿದ ಒಂಬತ್ತು ಮಂದಿಯಲ್ಲಿ ಒಬ್ಬರು ಪರವೂರಿನ ವ್ಯಾಪಾರಿ. ಅವರಿಗೆ ಕಂಡಕ್ಟರನ ಉಚ್ಚಾರಣೆ ವಿಚಿತ್ರವೆನಿಸಿರಬೇಕು. ದಂತವೈದ್ಯರತ್ತ ಬಾಗಿ ಕೇಳಿದರು, “ಇವರು ಮೊದಲಿನಿಂದಲೂ ನಿಮ್ಮವರೇನಾ?”

ದಂತವೈದ್ಯರ ನಾಲಿಗೆಯ ತುದಿಗೆ ಹಳೆಯ ಅಣಕವೊಂದು ಬಂತು. ನುಂಗಿದರು.

“ಇವರು ಬಂದ ಮೇಲೇ ಸ್ವಾಮಿ,” ಅಂದರು, “ಇಲ್ಲಿ ಪ್ರಾರ್ಥನೆ ಮೊದಲಾಗಿದ್ದು.”