ಅವ್ವನಿಗೆ ಹೇಳಿದ ವಿಳಾಸ

ಹಳೇ ಮನೆ ಕೆಡವುವುದು ಕಲ್ಯಾಣಪ್ಪನ ಕಸುಬು. ಸಿಕ್ಕಿದ್ದನ್ನೆಲ್ಲ ಪುಡಿಗಟ್ಟಿ ಲಾರಿಗೆ ತುಂಬುವ ಪೈಕಿ ಅಲ್ಲ ಅವನು. ತೊಲೆ, ಇಟ್ಟಿಗೆ, ಬಾಗಿಲು ಒಂದೂ ಮುಕ್ಕಾಗದಂತೆ ಬಿಚ್ಚುತ್ತಿದ್ದ. ಹೈಟೆಕ್ ಸಿಟಿ ಎದ್ದ ಮೇಲಂತೂ ಅಂಥ ಮಾಲಿಗೆ ಎಲ್ಲಿಲ್ಲದ ಗಿರಾಕಿ. ಹೊಸ ಮರ ಕಡಿಯಲೇಬಾರದೆಂದು ಹಟ ಹಿಡಿದ ಆರ್ಕಿಟೆಕ್ಟ್ ಅಹಲ್ಯಾ, ಕೊಂಡಾಪುರದ ಕಂಪನಿಯೊಂದರ ಕಟ್ಟಡವನ್ನು ಹಳೇ ಸಾಮಾನಿನಲ್ಲೇ ಕಟ್ಟಿಸುತ್ತಿದ್ದರು.

ಕೆಡವುವ ಮುಂಚೆ ಅವನದೊಂದು ಪದ್ಧತಿ. ಹೊಸ್ತಿಲಿಗೆ ಎಡೆ ಇಟ್ಟು, ಕಾಯಿ ಒಡೆದು, ಆ ಮನೆಯಲ್ಲಿ ತೀರಿಕೊಂಡವರಿಗೆ ದಾರಿ ಹೇಳುವುದು: “ಈ ಬಾಗಲಾ ಎಲ್ಲಿ ಹೋಗತೈತಿ, ನೀವೂ ಅಲ್ಲಿಗೆ ಹೋಗ್ರಿ.”

ಸುಲ್ತಾನ್ ಬಜಾರಿನ ತನ್ನ ಸ್ವಂತ ಮನೆ ಕೆಡವಿದಾಗಲೂ, ರೂಢಿಯ ನಾಲಿಗೆ ನೋಡಿ, ಅದನ್ನೇ ಅಂದುಬಿಟ್ಟ! ಅವ್ವ ಗುಂಡಮ್ಮ ಕಣ್ಣು ಮುಚ್ಚಿದ್ದು ಆ ಮನೆಯಲ್ಲೇ. ಬಾಗಿಲು ಚೌಕಟ್ಟಿನ ಸಮೇತ ಕೊಂಡಾಪುರದ ಆ ಕಟ್ಟಡಕ್ಕೆ ಹೋಯಿತು. ಕಲ್ಯಾಣಪ್ಪ ಹೆಂಡತಿ ಸೂಗಮ್ಮನೊಂದಿಗೆ ತಾರ್ನಾಕದ ಹೊಸ ಮನೆಗೆ ಹೋದ.

ಹಿರಿಯರ ಹಬ್ಬಕ್ಕೆ ಸೂಗಮ್ಮ ಹೋಳಿಗೆ ಎಡೆ ಇಟ್ಟಳು. ಎಷ್ಟು ಹಚ್ಚಿದರೂ ದೀಪ ನಿಲ್ಲಲಿಲ್ಲ.

“ಅತ್ತಿ ಬಂದೇ ಇಲ್ರಿ. ಮನಿ ಬಿಕೋ ಅನ್ನಾಕತ್ತೈತಿ. ಎಲ್ಲಿಗೆ ಹೋಗು ಅಂದ್ರಿ ಅವರಿಗೆ?”

ಕೆಡವುವ ದಿನ ಅಂದ ಮಾತು ಕಲ್ಯಾಣಪ್ಪನಿಗೆ ಆಗ ನೆನಪಾಯಿತು. ಉಟ್ಟ ಬಟ್ಟೆಯಲ್ಲೇ ಕೊಂಡಾಪುರಕ್ಕೆ ಓಡಿದ.

ಕಟ್ಟಡ ಮುಗಿದು ಕಂಪನಿ ಆಗಲೇ ಶುರುವಾಗಿತ್ತು. ಅಲ್ಲಿನ ವಾಚ್‌ಮನ್ ಶಾಂತಪ್ಪ ರಾಯಚೂರು ಕಡೆಯವನು. ಕೇಳುವ ಮೊದಲೇ ಪಿಸುಗುಟ್ಟಿದ: “ಇಲ್ಲೊಬ್ಬಾಕಿ ಮುದುಕಿ ಅದಾಳ್ರಿ. ಕಣ್ಣಿಗೆ ಕಾಣಂಗಿಲ್ಲ. ಹುಡುಗರು ಬಾಗಲಾ ದಾಟೂ ಮುಂದ ‘ಉಂಡ್ಯೇನಪಾ?’ ಅಂತ ಕೇಳ್ತಾಳ. ತೆಲುಗು ಹುಡುಗರು, ಅವಕ್ಕ ಕನ್ನಡ ತಿಳಿಬೇಕಲ್ರಿ? ಹಂಗ ಹೋಗ್ತಾವ.”

ಕಲ್ಯಾಣಪ್ಪ ಚೌಕಟ್ಟು ಹಿಡಿದು ನಿಂತ. “ಯವ್ವಾ, ನಾ ಕಲ್ಯಾಣಿ. ತಪ್ಪಾತು. ನಡಿ ಮನಿಗೆ.”

“ಉಂಡ್ಯೇನಪಾ?”

ಅವ್ವನದೇ ದನಿ. ಆದರೆ ಮಗನೆಂಬ ಗುರುತು ಅದರಲ್ಲಿ ಎಳ್ಳಷ್ಟೂ ಇರಲಿಲ್ಲ. ದಾರಿಹೋಕನನ್ನು ಕೇಳಿದಂತೆ ಕೇಳಿದ್ದಳು. ಅವನು ಮುದುಕನಂತೆ ಕುಸಿದು ಕೂತು ಅತ್ತ.

ಅಹಲ್ಯಾ ಬಂದಾಗ ಕೈಮುಗಿದ. “ಈ ಬಾಗಲಾ ವಾಪಸ್ ಕೊಡ್ರಿ ಮೇಡಂ. ಇದಕ್ಕಿಂತ ಚಲೋದು ತಂದು ಕೂಡಸ್ತೀನಿ.”

ಅವರು ಮಣ್ಣಿನ ಗೋಡೆಯನ್ನು ಹೆಮ್ಮೆಯಿಂದ ತಟ್ಟಿದರು. “ಗೋಡೆ ಈ ಚೌಕಟ್ಟಿನ ಮೇಲೇ ನಿಂತಿದೆ ಕಲ್ಯಾಣಪ್ಪನವರೇ, ತೆಗೆಯೋಕಾಗಲ್ಲ. ಒಳ್ಳೇ ಸಾಗುವಾನಿ ಕೊಟ್ಟಿದ್ದೀರಿ. ಇನ್ನೂ ನೂರು ವರ್ಷ ಇದು ಅಲ್ಲಾಡಲ್ಲ.”

ನೂರು ವರ್ಷ! ಅಷ್ಟರಲ್ಲಿ ಶಿಫ್ಟ್ ಬಿಟ್ಟಿತು. ಕೊರಳಿಗೆ ಕಾರ್ಡು ತೂಗಿಸಿಕೊಂಡ ಹುಡುಗರು ನಗುತ್ತ, ಫೋನಿನಲ್ಲಿ ಮಾತಾಡುತ್ತ ಹೊರಬಂದರು. ಕಲ್ಯಾಣಪ್ಪ ಕಣ್ಣೊರೆಸಿಕೊಂಡು ಬಾಗಿಲ ಬದಿಗೆ ನಿಂತ. ದಾಟಿದ ಒಬ್ಬೊಬ್ಬರ ಪರವಾಗಿಯೂ ತಾನೇ ಮೆಲ್ಲಗೆ ಹೇಳತೊಡಗಿದ: “ಉಂಡೀನಿ, ಯವ್ವಾ. ಹೊಟ್ಟಿ ತುಂಬ ಉಂಡೀನಿ.”