ಅತ್ತೆಯ ಮೂಗಿನ ಮರ್ಯಾದೆ

ಹಣ್ಣನ್ನು ಮೂಸಿಯೇ ಅದರ ಹೊಟ್ಟೆಯೊಳಗಿನ ಗುಟ್ಟು ಹೇಳುವವಳೆಂದು ಅತ್ತೆಗೆ ಮನೆಯಲ್ಲಿ ಹೆಸರು. ಮೂರು ತಿಂಗಳ ಹಿಂದೆ ಬಂದ ಜ್ವರ ಬರಿಗೈಯಲ್ಲಿ ಹೋಗದೆ, ಆ ಮೂಗಿನ ಶಕ್ತಿಯನ್ನೂ ಹೊತ್ತುಕೊಂಡು ಹೋಗಿತ್ತು. ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಮಾರುಕಟ್ಟೆಯ ಚೀಲ ಸೊಸೆಯ ಕೈಗೆ ಹೋಗುತ್ತದೆ. ಚೀಲದ ಹಿಂದೆಯೇ ಅಡಿಗೆಮನೆಯ ಯಜಮಾನಿಕೆಯೂ.

ಮಗಳ ಕಡೆಯ ಬೀಗರು ಊಟಕ್ಕೆ ಬರುವ ದಿನ ಅತ್ತೆ ಸೊಸೆ ಇಬ್ಬರೂ ಹಳೆಯ ಮಾರುಕಟ್ಟೆಗೆ ಹೋದರು. ಮುತ್ತಜ್ಜನ ಕಾಲದ ಕಟ್ಟಡ. ಕಬ್ಬಿಣದ ಕಂಬಗಳ ಮೇಲೆ ಗಾಜಿನ ಚಾವಣಿ, ಕೆಳಗೆ ನಾಲ್ಕು ತಲೆಮಾರು ತುಳಿದು ನುಣುಪಾದ ಕಲ್ಲುಹಾಸು. ಮೀನಿನ ಸಾಲಿನಲ್ಲಿ ಸೊಸೆ ಮೂಗಿಗೆ ಕರ್ಚೀಫು ಹಿಡಿದಳು. ಅದನ್ನು ನೋಡಿ ಅತ್ತೆಯೂ ಮೂಗು ಮುಚ್ಚಿಕೊಂಡಳು, ತುಸು ತಡವಾಗಿ.

"ಬನ್ನಿ ಅಕ್ಕಾ! ನಿಮ್ಮ ಮೂಗು ಬಂತು ಅಂದ್ರೆ ನನ್ನ ಕೊಳೆತ ಹಣ್ಣೆಲ್ಲ ಬಚ್ಚಿಡ್ಬೇಕು," ಎಂದಳು ಹಣ್ಣಿನವಳು.

"ಒಳ್ಳೆ ಕರಬೂಜ ನೋಡಿ ಅತ್ತೆ. ಬೀಗರ ಮುಂದೆ ಮಾನ ಹೋಗ್ಬಾರ್ದು," ಎಂದಳು ಸೊಸೆ.

ರಾಶಿಯ ತುದಿಯಲ್ಲಿದ್ದ ಚೆಂದದ ಹಣ್ಣನ್ನೆತ್ತಿ, ತೊಟ್ಟಿಗೆ ಮೂಗಿಟ್ಟು, ಕಣ್ಣು ಮುಚ್ಚಿ ಅತ್ತೆ ಉಸಿರೆಳೆದಳು. "ಆಹಾ! ಜೇನು ಕಣೇ, ಜೇನು!"

ಹಣ್ಣಿನವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಕ್ಕಾ, ಅದು ಮೇಣದ್ದು! ತೋರಿಕೆಗೆ ಇಟ್ಟಿದ್ದು. ಹತ್ತು ವರ್ಷದಿಂದ ಅಲ್ಲೇ ಕೂತಿತ್ತು, ಇವತ್ತು ಹಣ್ಣಾಯ್ತು ನೋಡಿ!"

ಸೊಸೆ ನಗಲಿಲ್ಲ. "ಎಷ್ಟು ದಿನದಿಂದ ಅತ್ತೆ?"

"ಏನು, ಎಷ್ಟು ದಿನದಿಂದ?"

"ಅತ್ತೇ..."

"ಆ ಜ್ವರ ಬಂದಾಗಿಂದ."

"ಅಂದ್ರೆ ಮೂರು ತಿಂಗಳು! ಈ ಮೂರು ತಿಂಗಳಲ್ಲೇ ಅಲ್ವಾ ನೀವು ನನ್ನ ಅಡಿಗೇನ ಹೊಗಳಿದ್ದು? ನಾನು ಅಮ್ಮನಿಗೆ ಫೋನ್ ಮಾಡಿ ಜಂಬ ಕೊಚ್ಕೊಂಡಿದ್ದೆ!"

"ನಾಲಿಗೆಗೇನಾಗಿದೆ? ಉಪ್ಪು ಸರಿಯಾಗಿತ್ತಮ್ಮಾ."

"ಬರೀ ಉಪ್ಪಾ?"

"ಉಪ್ಪಿಗಿಂತ ರುಚಿಯಿಲ್ಲ ಅಂತ ಗಾದೇನೇ ಇದೆಯಲ್ಲ."

ಸೊಸೆ ತುಟಿ ಬಿಗಿಹಿಡಿದಳು; ನಗು ಮಾತ್ರ ಮಾತು ಕೇಳಲಿಲ್ಲ. ಅವಳೇ ಒಂದು ಕರಬೂಜವನ್ನೆತ್ತಿಕೊಂಡಳು. "ಮೂಗು ನಂದು, ತೀರ್ಮಾನ ನಿಮ್ಮದು. ವಾಸನೆ ಹೇಗಿರ್ಬೇಕು, ಹೇಳಿ."

"ಏನೂ ಬರದಿದ್ರೆ ಕಾಯಿ. ಹೆಂಡದ ಹಾಗಿದ್ರೆ ಕಥೆ ಮುಗೀತು. ನಡುವೆ ಒಂದಿರತ್ತೆ..." ಅತ್ತೆ ಮಾತಿಗೆ ತಡಕಾಡಿದಳು. "ಎಳೇಮಗು ನೆತ್ತಿ ಮೂಸಿದ್ದೀಯಲ್ಲ, ಹಾಗೆ."

ಸೊಸೆ ಏಳು ಹಣ್ಣು ಮೂಸಿ ಕೆಳಗಿಟ್ಟಳು. ಎಂಟನೆಯದಕ್ಕೆ ಅವಳ ಮುಖ ಅರಳಿತು. ಅತ್ತೆ ಅದನ್ನು ಅಂಗೈಯಲ್ಲಿ ತೂಗಿ ನೋಡಿ ಚೀಲಕ್ಕಿಟ್ಟಳು.

"ಯಾರು ಆರಿಸಿದ್ದು ಅಂತ ಬೀಗರು ಕೇಳಿದ್ರೆ?"

"ಅತ್ತೆ ಅಂತೀನಿ."

"ಹಣ್ಣು ಸಪ್ಪೆಯಾಗಿದ್ರೆ?"

"ಆಗ್ಲೂ ಅತ್ತೆ ಅಂತಾನೇ ಅಂತೀನಿ."